ಕಾಡುಗಿಚ್ಚನ್ನು ತಡೆಯುವವರ ದೇಹಶ್ರಮ

ನಗರವಾಸಿಗಳಾದ ನಾವು ಅಗ್ನಿಶಾಮಕ ದಳವೆಂದೊಡನೆ ನೀರಿನ ಕೊಳವೆಯನ್ನು ನೆನೆಯುತ್ತೇವೆ. ಅಮೆರಿಕದ ಪಶ್ಚಿಮ ಸಂಸ್ಥಾನಗಳ ಬೆಟ್ಟಗಾಡುಗಳಲ್ಲಿ ಗಿಚ್ಚು ಹತ್ತಿದಾಗ ಕೊಳವೆ ತಲುಪದ ಎಡೆಗಳು ಬಹಳ. ಅಲ್ಲಿ ಬೆಂಕಿಯ ದಾರಿಯಲ್ಲಿನ ಪೊದೆಗಳನ್ನು ಕಡಿದು, ತರಗೆಲೆಗಳನ್ನು ಕೆರೆದು, ಬರಿಯ ಮಣ್ಣು ಕಾಣುವಂತೆ ಉದ್ದನೆಯ ಪಟ್ಟಿಯೊಂದನ್ನು ತೆಗೆಯುತ್ತಾರೆ. ಉರುವಲು ದೊರೆಯದೆ ಬೆಂಕಿ ಅಲ್ಲಿ ನಿಲ್ಲಬೇಕು. ಇದಕ್ಕೆ ಒದಗುವುದು ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿಯಾದ ‘ಪುಲಾಸ್ಕಿ’. 1910ರ ಮಹಾಗಿಚ್ಚಿನಲ್ಲಿ ತನ್ನವರನ್ನು ಗಣಿಯ ಸುರಂಗದೊಳಕ್ಕೆ ಹೊಗಿಸಿ ಬಹುಮಂದಿಯನ್ನು ಉಳಿಸಿದ ಅರಣ್ಯಾಧಿಕಾರಿಯ ಹೆಸರದು.

ಈ ಕೆಲಸಕ್ಕೆ ಸೇರುವವರಿಗೆ ಪರೀಕ್ಷೆಯೊಂದುಂಟು. 45 ಪೌಂಡು, ಎಂದರೆ ಸುಮಾರು 20 ಕಿಲೋಗ್ರಾಂ ಭಾರ ಹೊತ್ತು, 3 ಮೈಲಿಯನ್ನು 45 ನಿಮಿಷಗಳೊಳಗೆ ನಡೆದು ಮುಗಿಸಬೇಕು, ಓಡುವಂತಿಲ್ಲ. ಗಂಡಸರಿಗೂ ಹೆಂಗಸರಿಗೂ ಅಳತೆ ಒಂದೇ. ಲೆಕ್ಕ ಹಾಕಿ ನೋಡೋಣ: 80 ಕಿಲೋ ತೂಗುವವನಿಗೆ ಆ ಹೊರೆ ತನ್ನ ತೂಕದ ಕಾಲು ಭಾಗ, 55 ಕಿಲೋ ತೂಗುವವಳಿಗೆ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಹಾಗಿದ್ದೂ ತೇರ್ಗಡೆಯಾಗಿ ಗಿಚ್ಚಿನೆದುರು ನಿಲ್ಲುವ ಸ್ತ್ರೀಯರನ್ನು ನಾವು ಸಾಮಾನ್ಯರೆನ್ನಲಾರೆವು.

ನಿಜವಾದ ದುಡಿಮೆ ಇದಕ್ಕಿಂತ ಬಹು ದೀರ್ಘ. ಕೆಲವು ದಿನ 16 ಗಂಟೆ. ಸಾಮಾನ್ಯವಾಗಿ 14 ದಿನಗಳ ಸರದಿ. ಮೇಜಿನ ಮುಂದೆ ಕುಳಿತು ದುಡಿಯುವವನಿಗೆ ದಿನಕ್ಕೆ 2000 ಕ್ಯಾಲರಿಯ ಆಸುಪಾಸು ಸಾಕು. ಇವರು 4000ದಿಂದ 6000 ಕ್ಯಾಲರಿ ವ್ಯಯಿಸುವುದುಂಟೆಂದು ಮೊಂಟಾನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಳೆದು ಕಂಡಿದ್ದಾರೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ದೇಹ ಕೂಡಿಟ್ಟುಕೊಳ್ಳುವ ಪಿಷ್ಟವಾದರೋ ಸುಮಾರು 500 ಗ್ರಾಂ. ಗ್ರಾಮಿಗೆ 4ರಂತೆ 2000 ಕ್ಯಾಲರಿ ಮಾತ್ರ. ಕೊಬ್ಬು ನೆರವಿಗೆ ಬರುವುದು ನಿಜ. ಆದರೆ ಬಿರುಸಿನ ಕೆಲಸಕ್ಕೆ ಪಿಷ್ಟವೇ ಬೇಕು. ಆದುದರಿಂದ ಮಧ್ಯಾಹ್ನ ಒಮ್ಮೆಲೇ ಹೊಟ್ಟೆ ತುಂಬಿಸುವ ಬದಲು ಗಂಟೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವವರ ಕೈ ಸಂಜೆಯಲ್ಲಿಯೂ ಚುರುಕಾಗಿರುತ್ತದೆ.

ಬೆಂಕಿಯ ಝಳವೇ ಇವರ ವೈರಿಯೆಂದು ನಾವು ಬಗೆಯುವುದು ಸಹಜ. ವಸ್ತುತಃ ಮೈಯಲ್ಲಿ ಸೇರುವ ಶಾಖದ ಹೆಚ್ಚಿನ ಪಾಲು ದುಡಿಯುವ ಸ್ನಾಯುಗಳೇ ಹುಟ್ಟಿಸಿದ್ದು. ಅದನ್ನು ಹೊರದೂಡುವುದು ಬೆವರು. ಬೆವರಿಗೆ ನೀರು ಬೇಕು, ಗಂಟೆಗೆ ಒಂದು ಲೀಟರಿನಷ್ಟು. ಉಪ್ಪೂ ಬೇಕು. ಆದರೆ ನೀರು ಕುಡಿದ ಮಾತ್ರಕ್ಕೆ ಸಾಲದು, ನಡುನಡುವೆ ವಿಶ್ರಾಂತಿಯೂ ಅವಶ್ಯ. 2011ರಲ್ಲಿ ಟೆಕ್ಸಾಸಿನ ಗಿಚ್ಚೊಂದರಲ್ಲಿ ಜ್ವಾಲೆ ತಾಗದೆಯೇ ತರುಣನೊಬ್ಬನು ದೇಹತಾಪವೇರಿ ಮೃತನಾದನು. ಅದಕ್ಕಾಗಿಯೇ ಜೊತೆಗಾರರು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು: ಮಾತು ತೊದಲಿದರೆ, ಹೆಜ್ಜೆ ತಡವರಿಸಿದರೆ, ಪುಲಾಸ್ಕಿಯನ್ನು ಕೆಳಗಿಡಿಸಿ ನೆರಳಿಗೆ ಕರೆದೊಯ್ದು, ಮೈಮೇಲೆ ತಣ್ಣೀರು ಸುರಿಯಬೇಕು.