ಬೆಳಗಿನ ಐದರ ಚಳಿ, ಸಂಜೆ ಏಳರ ಬಿಪಿ

ಹಲಸೂರಿನ ಸೋಮೇಶ್ವರ ದೇವಸ್ಥಾನದಿಂದ ನಾಲ್ಕು ಬೀದಿ ಆಚೆ ನನ್ನ ಕ್ಲಿನಿಕ್. ಇಪ್ಪತ್ತೇಳು ಚಳಿಗಾಲ ಕಂಡಿದೆ. ಶಿವಾಜಿನಗರದ ವ್ಯಾಪಾರಿಗಳು, ಇಂದಿರಾನಗರದ ನಿವೃತ್ತರು, ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ ಬರುವ ಹಳೆಯ ಐಟಿಐ ನೌಕರರು, ಎಲ್ಲರೂ ಇಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಚಳಿಯ ಮಾತೆತ್ತಿದರೆ ಇವರೆಲ್ಲ ನಗುತ್ತಾರೆ. "ನಮ್ಮೂರಲ್ಲಿ ಎಲ್ಲಿದೆ ಸಾರ್ ಚಳಿ? ದೆಹಲಿಯವರು ಕೇಳಿದರೆ ನಕ್ಕಾರು." ನಿಜವೇ. ಡಿಸೆಂಬರ್, ಜನವರಿಯಲ್ಲೂ ನಮ್ಮ ರಾತ್ರಿಗಳು ಸರಾಸರಿ 15-16 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ತಂಪನ್ನು ಮೆಚ್ಚಿಯೇ ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದ ದಂಡನ್ನು ಹಲಸೂರಿನ ಪಕ್ಕಕ್ಕೆ ತಂದರು. ಆದರೂ ಕಾರ್ತಿಕ ಕಳೆದು ಶಿವರಾತ್ರಿ ಬರುವವರೆಗೆ ನನ್ನ ರೋಗಿಗಳ ಚೀಟಿಗಳಲ್ಲಿ ಬಿಪಿಯ ಅಂಕಿ ಮೇಲೇರುತ್ತದೆ. ಯಾಕೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

1. ರೋಗಿಯ ಮೆಷಿನ್ ಸುಳ್ಳು ಹೇಳುತ್ತಿದೆ ಎನ್ನುವ ಮೊದಲು ಗಡಿಯಾರ ನೋಡಿ.

ರಸೆಲ್ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಚಾಚಾ ಒಬ್ಬರು. ಸಂಜೆ ಏಳಕ್ಕೆ ಬಂದಾಗೆಲ್ಲ 136, 138. ನಾನು ಬೆನ್ನು ತಟ್ಟಿ ಕಳಿಸುತ್ತಿದ್ದೆ. ಒಂದು ಜನವರಿಯಲ್ಲಿ ಮಗ ತಂದುಕೊಟ್ಟ ಹೊಸ ಮೆಷಿನ್ನನ್ನು ಚೀಲದಲ್ಲಿ ಹಾಕಿಕೊಂಡು ಬಂದರು. "ಇದು ಖರಾಬ್ ಆಗಿದೆ ಸಾಬ್, ಬೆಳಗ್ಗೆ 168 ತೋರಿಸ್ತದೆ." ನಾನೂ ಹೂಂಗುಟ್ಟಿದೆ, ಅಗ್ಗದ ಮಾಲು ಇರಬೇಕು ಎಂದೆ. ಎರಡು ವಾರದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಮಾರ್ಕೆಟ್ಟಿನಲ್ಲೇ ಕಣ್ಣು ಮಂಜಾಗಿ ಕುಸಿದಿದ್ದರಂತೆ. ಸದ್ಯ, ಪಾರ್ಶ್ವವಾಯು ಆಗಿರಲಿಲ್ಲ.

ಆಮೇಲೆ ಅವರ ದಿನಚರಿಯನ್ನು ಮೊದಲ ಬಾರಿಗೆ ಸರಿಯಾಗಿ ಕೇಳಿದೆ. ನಾಲ್ಕಕ್ಕೆ ಏಳುವುದು, ಐದಕ್ಕೆ ಅಂಗಡಿ, ಎರಡು ಗಂಟೆ ಕಾಲ ಬರಿಗೈಯಲ್ಲಿ ಐಸು ಒಡೆದು ಮೀನು ಜೋಡಿಸುವುದು. ಮಾತ್ರೆ ನುಂಗುತ್ತಿದ್ದುದು ತಿಂಡಿಯ ಮೇಲೆ, ಒಂಬತ್ತಕ್ಕೆ. ಅಂದರೆ ಅವರ ರಕ್ತನಾಳಗಳು ಅತಿ ಹೆಚ್ಚು ಬಿಗಿಯುವ ಹೊತ್ತಿಗೆ ಹಿಂದಿನ ದಿನದ ಮಾತ್ರೆಯ ಕಸುವು ತಳ ಸೇರಿರುತ್ತಿತ್ತು. ನಾನು ಅಳೆಯುತ್ತಿದ್ದುದು ಬಿಸಿ ಚಹಾ ಕುಡಿದು, ಬಿಸಿಲು ಕಂಡು, ಸುಧಾರಿಸಿಕೊಂಡ ಸಂಜೆಯ ಮನುಷ್ಯನನ್ನು. ಎದ್ದ ಮೇಲಿನ ಒಂದೆರಡು ಗಂಟೆಯಲ್ಲಿ ಬಿಪಿ ತಾನಾಗಿಯೇ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಆ ಹೊತ್ತಿನಲ್ಲೇ ಬರುತ್ತವೆ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಚಾಚಾನ ಮೆಷಿನ್ ಸರಿಯಿತ್ತು.

2. ಬೆಂಗಳೂರಿನ ಚಳಿ ಹವಾಮಾನ ವರದಿಯಲ್ಲಿ ಸಿಗುವುದಿಲ್ಲ, ನಲ್ಲಿಯಲ್ಲಿ ಸಿಗುತ್ತದೆ.

1930ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಹೈನ್ಸ್ ಮತ್ತು ಬ್ರೌನ್ ಎಂಬ ವೈದ್ಯರು ಒಂದು ಪರೀಕ್ಷೆ ರೂಪಿಸಿದರು. ಕೈಯನ್ನು ಮಣಿಕಟ್ಟಿನವರೆಗೆ ಐಸು ನೀರಿನಲ್ಲಿ ಒಂದು ನಿಮಿಷ ಅದ್ದಿಸಿ, ಇನ್ನೊಂದು ತೋಳಿನಲ್ಲಿ ಬಿಪಿ ನೋಡುವುದು. ಅಷ್ಟಕ್ಕೇ ಅದು ಏರುತ್ತದೆ. ಚರ್ಮಕ್ಕೆ ತಂಪು ತಾಕಿದ ತಕ್ಷಣ ಒಳಗಿನ ಬಿಸಿ ಸೋರಿಹೋಗದಂತೆ ದೇಹ ಮೇಲುಪದರದ ಸಣ್ಣ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ. ಅದೇ ರಕ್ತವನ್ನು ಇಕ್ಕಟ್ಟಾದ ದಾರಿಯಲ್ಲಿ ನೂಕುವ ಕೆಲಸ ಹೃದಯದ ಪಾಲಿಗೆ ಬರುತ್ತದೆ.

ನಮ್ಮ ಹೆಂಗಸರಿಗೆ ಈ ಪರೀಕ್ಷೆ ಮನೆಯಲ್ಲೇ ದಿನಾ ನಡೆಯುತ್ತದೆ. ತಾರಸಿಯ ಸಿಂಟೆಕ್ಸ್ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ತಣ್ಣಗಾದ ನೀರು. ಧನುರ್ಮಾಸದಲ್ಲಿ ಐದಕ್ಕೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು, ರಾತ್ರಿಯ ಮುಸುರೆ ತಿಕ್ಕಬೇಕು, ತಣ್ಣೀರು ಸುರಿದುಕೊಂಡು ದೇವಸ್ಥಾನಕ್ಕೆ ಹೋಗಬೇಕು. ಕಾಲಿಗೆ ಚಪ್ಪಲಿಯಿಲ್ಲ, ಕೆಳಗೆ ಗ್ರಾನೈಟ್ ನೆಲ. ಹಬ್ಬದ ಆಚಾರಕ್ಕೆ ನಾನು ಕೈ ಹಾಕುವುದಿಲ್ಲ. ಕೇಳಿಕೊಳ್ಳುವುದು ಇಷ್ಟೇ: ಮುಸುರೆ ಬಿಸಿಲು ಬರುವವರೆಗೆ ಕಾಯಲಿ, ಸ್ನಾನಕ್ಕೆ ಉಗುರುಬೆಚ್ಚಗಿನ ನೀರಿರಲಿ, ಮನೆಯೊಳಗೆ ಓಡಾಡಲು ಒಂದು ಜೊತೆ ಚಪ್ಪಲಿ ಇರಲಿ. ಇನ್ನು ಗಂಡಸರು. ತಲೆಗೆ ಮಂಕಿ ಕ್ಯಾಪ್, ಕಾಲು ಬರಿದು. ಈ ವೇಷ ನೋಡಿ ನಗು ಬರುತ್ತದೆ, ಆದರೆ ಹೇಳುವುದು ಹೇಳಲೇಬೇಕು: ಟೋಪಿ ಇರಲಿ, ಕಾಲುಚೀಲವನ್ನೂ ಹಾಕಿ.

3. ಎಷ್ಟು ಏರುತ್ತದೆ ಎಂಬುದಕ್ಕೊಂದು ಅಳತೆ ಇಟ್ಟುಕೊಳ್ಳಿ.

ಫ್ರಾನ್ಸಿನ ಮೂರು ನಗರಗಳಲ್ಲಿ 65 ದಾಟಿದ 8,801 ಜನರನ್ನು ಅಳೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬೇಸಿಗೆಗಿಂತ ಚಳಿಗಾಲದಲ್ಲಿ ಮೇಲಿನ ಅಂಕಿ ಸರಾಸರಿ 5 ಹೆಚ್ಚಿತ್ತು. 160/95ರ ಗೆರೆ ಮುಟ್ಟಿದವರು ಬೇಸಿಗೆಯಲ್ಲಿ ಶೇ. 23.8, ಚಳಿಗಾಲದಲ್ಲಿ ಶೇ. 33.4. ಅಲ್ಲಿನ ಚಳಿ ಬೇರೆ, ಒಪ್ಪುತ್ತೇನೆ. ಆದರೆ ಅಲ್ಲಿ ಮನೆಯೊಳಗೆ ಹೀಟರ್ ಇರುತ್ತದೆ. ನಮ್ಮಲ್ಲಿ ಕಿಟಕಿಯ ಸಂದಿನಿಂದ ಬರುವ ಗಾಳಿಯೇ ಮನೆಯ ಹವೆ. ಮನೆಯೊಳಗೆ 18 ಡಿಗ್ರಿಯಾದರೂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೀಟು ಹೊದಿಸಿದ ಮನೆಯಲ್ಲಿ ಜನವರಿಯ ನಸುಕಿಗೆ ಅದೂ ಉಳಿಯುವುದಿಲ್ಲ.

ಐದು ಅಂಕಿಗೆ ಹೆದರಿ ಮಾತ್ರೆಯನ್ನು ನೀವೇ ಎರಡು ಮಾಡಬೇಡಿ. ಮನೆಯಲ್ಲಿ ಒಂದು ವಾರ ಬೆಳಿಗ್ಗೆ, ಸಂಜೆ ಅಳೆದು ಬರೆದಿಡಿ. ಸರಾಸರಿ 135/85 ದಾಟಿದರೆ ಆ ಚೀಟಿಯನ್ನು ವೈದ್ಯರ ಮುಂದಿಡಿ. ಬದಲಾಯಿಸುವುದು ಅವರ ಕೆಲಸ. 180/120 ಮುಟ್ಟಿ, ಜೊತೆಗೆ ಎದೆನೋವು, ಉಸಿರುಗಟ್ಟುವುದು, ಕಣ್ಣು ಮಂಜಾಗುವುದು ಕಂಡರೆ ಚೀಟಿ ಬರೆಯುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

4. ಸ್ವೆಟರ್ ಬಿಚ್ಚಿ.

ಪಟ್ಟಿಯನ್ನು ಉಣ್ಣೆಯ ತೋಳಿನ ಮೇಲೆ ಸುತ್ತಿದರೂ ಅಂಕಿ ತಪ್ಪು, ಬಿಗಿಯಾದ ತೋಳನ್ನು ಮೇಲಕ್ಕೆ ಮಡಚಿ ಸುತ್ತಿದರೂ ತಪ್ಪು. ಚಳಿಯಿಂದ ಬಂದವರು ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂರಲಿ. ಮೂತ್ರಕ್ಕೆ ಹೋಗುವುದಿದ್ದರೆ ಮೊದಲು ಹೋಗಿ ಬರಲಿ. ಅಳೆಯುವಾಗ ಸೊಸೆಯ ವಿಷಯ ಬೇಡ.

5. ಮಾಲೆ ಹಾಕಿದ ಸ್ವಾಮಿಗಳನ್ನು ಬೈದು ಕಳಿಸಬಾರದು.

ನವೆಂಬರ್ ನಡುವಿನಿಂದ ನಮ್ಮ ಕಡೆ ಕಪ್ಪು ಪಂಚೆಗಳು ಕಾಣತೊಡಗುತ್ತವೆ. 41 ದಿನದ ವ್ರತ, ಎರಡು ಹೊತ್ತು ತಣ್ಣೀರ ಸ್ನಾನ, ಬರಿಗಾಲು, ಕೊನೆಗೆ ಶಬರಿಮಲೆಯಲ್ಲಿ ಪಂಪೆಯಿಂದ ಸನ್ನಿಧಾನದವರೆಗಿನ ಕಡಿದಾದ ಏರು. ನಲವತ್ತು, ಐವತ್ತು ದಾಟಿದ, ಬಿಪಿ ಇರುವ ಎಷ್ಟೋ ಗಂಡಸರು ಈ ಸಾಲಿನಲ್ಲಿರುತ್ತಾರೆ. ಮೊದಮೊದಲು ನಾನು "ಇದೆಲ್ಲ ನಿಮಗೆ ಬೇಡ" ಎನ್ನುತ್ತಿದ್ದೆ. ಪರಿಣಾಮ, ಅವರು ಸಂಕ್ರಾಂತಿಯವರೆಗೆ ನನ್ನ ಬಾಗಿಲು ತುಳಿಯುತ್ತಿರಲಿಲ್ಲ. ಅವರಲ್ಲೊಬ್ಬರು, ಆಟೋ ಓಡಿಸುವವರು, ವ್ರತದಲ್ಲಿ ಇಂಗ್ಲಿಷ್ ಮಾತ್ರೆ ಬೇಡವೆಂದು ನಿಲ್ಲಿಸಿಯೇಬಿಟ್ಟಿದ್ದರು. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್ ಥರದವನ್ನು ಹೀಗೆ ಒಮ್ಮೆಗೇ ಬಿಟ್ಟರೆ ನಾಡಿ, ಬಿಪಿ ಎರಡೂ ಪುಟಿದೇಳುತ್ತವೆ.

ಈಗ ನಾನೇ ಮಾತು ತೆಗೆಯುತ್ತೇನೆ. "ಸ್ವಾಮಿ, ಯಾವತ್ತು ಹೊರಡೋದು?" ಇರುಮುಡಿಯ ಜೊತೆಯ ಚೀಲದಲ್ಲಿ ಹತ್ತು ದಿನದ ಮಾತ್ರೆ, ತಣ್ಣೀರನ್ನು ಒಮ್ಮೆಗೇ ತಲೆಗೆ ಸುರಿಯದೆ ಕಾಲಿನಿಂದ ಶುರು, ಏರಿನಲ್ಲಿ ಎದೆ ಹಿಡಿದರೆ ಅಲ್ಲೇ ಕೂರುವುದು. ಇಷ್ಟು ಒಪ್ಪಂದ. ಎಲ್ಲರೂ ಪಾಲಿಸುವುದಿಲ್ಲ, ಆದರೆ ವ್ರತದ ನಡುವೆ ಒಮ್ಮೆ ಬಂದು ತೋರಿಸಿ ಹೋಗುತ್ತಾರೆ.

6. ಶೀತಕ್ಕೆ ನುಂಗುವ ಮಾತ್ರೆ ಬಿಪಿಯ ಮಾತ್ರೆಯ ಜೊತೆ ಜಗಳವಾಡುತ್ತದೆ.

ಚಳಿಗಾಲದಲ್ಲಿ ಬಿಪಿ ಏರಿದವರ ಚೀಲ ಬಿಡಿಸಿ ನೋಡುವುದು ನನ್ನ ಅಭ್ಯಾಸ. ಒಳಗೆ ಖಂಡಿತ ಒಂದು ಶೀತದ ಮಾತ್ರೆಯ ಪಟ್ಟಿ ಇರುತ್ತದೆ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡದ್ದು. ಕಟ್ಟಿದ ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಮಾಡುವುದೂ ಚಳಿ ಮಾಡುವುದನ್ನೇ: ರಕ್ತನಾಳ ಬಿಗಿಯುವುದು. ಮಂಡಿನೋವಿಗೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ದೇಹದಲ್ಲಿ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತವೆ. ನೀರಿಗೆ ಹಾಕಿದರೆ ಬುಸುಗುಡುವ ಮಾತ್ರೆಗಳಲ್ಲಿ ಸೋಡಿಯಂ ಬೇಕಾದಷ್ಟಿದೆ. ಮನೆಮದ್ದಾದರೆ ಪರವಾಗಿಲ್ಲ ಎನ್ನುವವರಿಗೆ ಇನ್ನೊಂದು ಮಾತು. ಕೆಮ್ಮಿಗೆ ದಿನಾ ಅಗಿಯುವ ಜ್ಯೇಷ್ಠಮಧು ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಕಾಕ್ಸ್‌ಟೌನಿನ ಅಜ್ಜಿಯೊಬ್ಬರಿಗೆ ಮೂರು ಥರದ ಮಾತ್ರೆ ಕೊಟ್ಟರೂ ಇಳಿಯದ ಬಿಪಿ, ಜ್ಯೇಷ್ಠಮಧು ನಿಂತ ಕೆಲವು ವಾರಕ್ಕೆ ಇಳಿಯಿತು. ಶುಂಠಿ ಕಷಾಯಕ್ಕೆ, ಬಿಸಿನೀರಿನ ಹಬೆಗೆ ನನ್ನ ತಕರಾರಿಲ್ಲ.

7. ಅವರೆಕಾಯಿಯ ತಪ್ಪಿಲ್ಲ.

ಹಿತಕಿದವರೆ ಸಾರು ಕಂಡರೆ ನಾನೇ ಎರಡು ಸಲ ಬಡಿಸಿಕೊಳ್ಳುವವನು. ತೊಂದರೆ ಇರುವುದು ಡಬ್ಬಿಯಲ್ಲಿ ತುಂಬಿಟ್ಟು ಸಂಜೆಯೆಲ್ಲ ಮೆಲ್ಲುವ ಅವರೆಬೇಳೆ ಮಿಕ್ಸ್ಚರಿನ ಉಪ್ಪಿನಲ್ಲಿ, ಸಂಡಿಗೆ, ಉಪ್ಪಿನಕಾಯಿ, ಬಾಳಕದಲ್ಲಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದರೆ ಒಂದು ಟೀ ಚಮಚದೊಳಗೆ. ಬೇಸಿಗೆಯಲ್ಲಾದರೆ ಬೆವರಿನ ಜೊತೆ ಒಂದಿಷ್ಟು ಹೋಗುತ್ತದೆ, ಚಳಿಯಲ್ಲಿ ಆ ದಾರಿಯೂ ಮುಚ್ಚಿರುತ್ತದೆ. ಕ್ರಿಸ್‌ಮಸ್, ಹೊಸ ವರ್ಷದ ಗುಂಡಿನ ವಿಷಯ ಬೇರೆ ಹೇಳಬೇಕಿಲ್ಲ. ಮೈ ಬೆಚ್ಚಗಾಯಿತು ಅನ್ನಿಸುವುದು ಚರ್ಮಕ್ಕೆ ಮಾತ್ರ.

8. ಬೆಳಗಿನ ತಲೆನೋವೆಲ್ಲ ಬಿಪಿಯದ್ದಲ್ಲ.

ಕೆ.ಆರ್. ಪುರದ ಕಡೆಯ ಬಾಡಿಗೆ ಮನೆಯೊಂದರಿಂದ ಮಗಳು ತಾಯಿಯನ್ನು ಕರೆತಂದಳು. ದಿನಾ ಸ್ನಾನವಾದ ಮೇಲೆ ತಲೆ ಸಿಡಿತ, ವಾಕರಿಕೆ. ಬಿಪಿ ಇದ್ದವರೇ, ಹಾಗಾಗಿ ಮಾತ್ರೆ ಹೆಚ್ಚಿಸಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಮಗಳು, "ನನಗೂ ಹಾಗೇ ಆಗುತ್ತೆ ಡಾಕ್ಟ್ರೇ" ಎಂದಳು. ಮೂವತ್ತರ ಮಗಳಿಗೆ ಬಿಪಿಯಿಲ್ಲ. ಬಚ್ಚಲಿನಲ್ಲೇ ಗ್ಯಾಸ್ ಗೀಸರ್, ಚಳಿಗೆಂದು ಮುಚ್ಚಿದ ಒಂದೇ ಗವಾಕ್ಷಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೋಣೆಯೊಳಗೆ ಇದ್ದಿಲು ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದರೂ ಇದೇ ವಿಷ. ಗೀಸರ್ ಹೊರಗೆ ಹೋಯಿತು, ತಲೆನೋವೂ ಹೋಯಿತು. ಮಗಳು ಬಾಯಿ ಬಿಡದಿದ್ದರೆ ನಾನು ಮಾತ್ರೆ ಬರೆದೇ ಕಳಿಸುತ್ತಿದ್ದೆ.

9. "ಚಳಿಗೆ ಕೈ ಜೋಮು ಹಿಡಿದಿದೆ" ಎಂಬ ಮಾತಿಗೆ ನನಗಿರುವಷ್ಟು ಭಯ ಇನ್ನಾವುದಕ್ಕೂ ಇಲ್ಲ.

ಇಂದಿರಾನಗರದ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ಹಾಲಿನ ಪ್ಯಾಕೆಟ್ ಕೈಯಿಂದ ಜಾರಿತು. ಚಳಿಗೆ ಜೋಮು ಎಂದು ಮನೆಯವರು ಎಳ್ಳೆಣ್ಣೆ ಕಾಯಿಸಿ ತಿಕ್ಕಿದರು, ಕಂಬಳಿ ಹೊದಿಸಿದರು, ಬಿಸಿ ಕಾಫಿ ಕುಡಿಸಿದರು. ಮಾತು ತೊದಲಿದಾಗ ನನಗೆ ಫೋನ್ ಬಂತು. ಆಗ ಗಂಟೆ ಹತ್ತೂವರೆ. ಮಿದುಳಿನ ನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಮಯ ನಾಲ್ಕೂವರೆ ಗಂಟೆ, ಅದರೊಳಗೇ ಸ್ಕ್ಯಾನೂ ಆಗಬೇಕು. ಅವರ ಬಲಗೈ ಇವತ್ತಿಗೂ ಪೆನ್ನು ಹಿಡಿಯುವುದಿಲ್ಲ.

ಚಳಿಯ ಜೋಮು ಸಾಮಾನ್ಯವಾಗಿ ಎರಡೂ ಕೈಗೆ ಬರುತ್ತದೆ, ಉಜ್ಜಿದರೆ ಹೋಗುತ್ತದೆ. ಒಂದೇ ಕಡೆಯ ಕೈ ಸೋತರೆ, ನಗಲು ಹೇಳಿದಾಗ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಎಷ್ಟು ಗಂಟೆಗೆ ಶುರುವಾಯಿತೆಂದು ನೆನಪಿಟ್ಟುಕೊಳ್ಳಿ. ಎಣ್ಣೆ ಬೇಡ, ಕಾಫಿ ಬೇಡ. ಮನೆಯಲ್ಲಿರುವ ಬಿಪಿ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುವುದಂತೂ ಬೇಡವೇ ಬೇಡ. ಆ ಹೊತ್ತಿನಲ್ಲಿ ಬಿಪಿ ದಿಢೀರನೆ ಇಳಿದರೆ ಮಿದುಳಿಗೆ ಇನ್ನಷ್ಟು ಕೇಡು.

10. ವಾಕಿಂಗ್ ಬಿಡಬೇಡಿ, ಹೊತ್ತು ಬದಲಿಸಿ.

ಹಲಸೂರು ಕೆರೆಯ ಸುತ್ತ ನಸುಕಿನ ಐದೂವರೆಗೆ ನಡೆಯುವವರು ಡಿಸೆಂಬರ್, ಜನವರಿಯಲ್ಲಿ ಏಳೂವರೆಗೆ ಹೊರಡಿ. ಟಿನ್ ಫ್ಯಾಕ್ಟರಿ ಜಂಕ್ಷನ್ ಸುತ್ತಿನವರಿಗೆ ಸಂಜೆ ನಾಲ್ಕೇ ವಾಸಿ, ಚಳಿಗಾಲದ ಬೆಳಿಗ್ಗೆ ಅಲ್ಲಿಯ ಹೊಗೆ ಮೇಲೇಳದೆ ನೆಲಕ್ಕೇ ಕವಿದಿರುತ್ತದೆ.

11. ಏರಿಸಿದ್ದನ್ನು ಇಳಿಸುವುದೂ ಚಿಕಿತ್ಸೆಯೇ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡುತ್ತದೆ. ಜನವರಿಯಲ್ಲಿ ಬರೆದ ಹೆಚ್ಚುವರಿ ಮಾತ್ರೆ ಮಾತ್ರ ಓಡುವುದಿಲ್ಲ, ಏಪ್ರಿಲ್ಲಿನ ಬಿಸಿಲಿನಲ್ಲೂ ಜೇಬಿನಲ್ಲೇ ಇರುತ್ತದೆ. ಆಗ ನಾಳಗಳು ಸಡಿಲ, ಬೆವರಿ ನೀರು ಕಡಿಮೆ, ಮೇಲೆ ಜನವರಿಯ ಡೋಸು. ಮೀನಿನ ಚಾಚಾಗೆ ಮೊದಲ ವರ್ಷ ನಾನು ಮಾಡಿದ ಎರಡನೆಯ ತಪ್ಪು ಇದು. ಏಪ್ರಿಲ್ಲಿನಲ್ಲಿ ಎದ್ದು ನಿಂತಾಗ ತಲೆ ಸುತ್ತಿ, ಮೀನಿನ ಬುಟ್ಟಿ ಹಿಡಿದುಕೊಂಡು ಉಳಿದರಂತೆ. ಈಗ ಅವರ ಚೀಟಿಯಲ್ಲಿ ಎರಡು ಸಾಲಿವೆ, ಚಳಿಗೆ ಒಂದು, ಬೇಸಿಗೆಗೆ ಒಂದು. ಕೈಗೆ ರಬ್ಬರ್ ಗ್ಲೌಸ್ ಬಂದಿದೆ, ಮಾತ್ರೆ ರಾತ್ರಿಗೆ ಹೋಗಿದೆ.

ಈ ಚಳಿಗಾಲದಲ್ಲಿ ಯಾರಿಗೆಲ್ಲ ಡೋಸು ಏರಿದೆಯೋ ಅವರೆಲ್ಲ ಶಿವರಾತ್ರಿ ಕಳೆದ ವಾರ ಮನೆಯ ಮೆಷಿನ್, ಏಳು ದಿನದ ಬೆಳಗಿನ ಅಂಕಿ, ಉಳಿದ ಮಾತ್ರೆ, ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ. ಜ್ಯೇಷ್ಠಮಧು ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ.