ಹೊಸ ಡಿಸ್ಕ್‌ನಿಂದ ಕಂಪ್ಯೂಟರ್ ಬೂಟ್ ಆಗದಿದ್ದರೆ?

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಲೆಕ್ಕದ ಪುಸ್ತಕವನ್ನೇ ಎಸೆಯುವುದಿಲ್ಲ. ಮೊದಲು ಮೊತ್ತ ಕೂಡಿ ನೋಡುತ್ತೇವೆ, ನಂತರ ಲೆಡ್ಜರ್, ಆಮೇಲೆ ಜರ್ನಲ್. ಹೊಸ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಹಾಕಿದ ಮೇಲೆ ಕಂಪ್ಯೂಟರ್ ಬೂಟ್ ಆಗದಿದ್ದರೂ ಹೀಗೆಯೇ ಒಂದೊಂದಾಗಿ ಪರೀಕ್ಷಿಸಬೇಕು.

ಪವರ್ ಬಟನ್ ಒತ್ತಿದಾಗ ಮೊದಲು ಓಡುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಒಂದು ಸಣ್ಣ ಪ್ರೋಗ್ರಾಂ. ಹಳೆಯ ಕಂಪ್ಯೂಟರ್‌ಗಳಲ್ಲಿ ಇದು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ವಿಂಡೋಸ್ ಅನ್ನು ಎಬ್ಬಿಸುವ ದಾರಿಯನ್ನು ಬಯೋಸ್ ಡಿಸ್ಕ್‌ನ ಮೊದಲ 512 ಬೈಟ್‌ಗಳಲ್ಲಿ ಹುಡುಕುತ್ತದೆ. ಆ ಜಾಗಕ್ಕೆ ಎಂಬಿಆರ್ ಎನ್ನುತ್ತಾರೆ. ಯುಇಎಫ್‌ಐ ಸಾಮಾನ್ಯವಾಗಿ ಜಿಪಿಟಿ ಮಾದರಿಯ ಡಿಸ್ಕ್‌ನಲ್ಲಿರುವ ಇಎಫ್‌ಐ ಎಂಬ ಪುಟ್ಟ ವಿಭಾಗದಲ್ಲಿ ಹುಡುಕುತ್ತದೆ. ಈ ವಿಭಾಗಕ್ಕೆ ಸಿ, ಡಿ ಎಂಬಂತೆ ಅಕ್ಷರ ಇರುವುದಿಲ್ಲ. ಹಾಗಾಗಿ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷಿಸುವ ಕ್ರಮ ಹೀಗಿದೆ:

1. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಸೆಟಪ್‌ಗೆ ಹೋಗಿ. ಕೆಲವು ಕಂಪನಿಗಳ ಕೀ ಬೇರೆ ಇರುತ್ತದೆ. ಅಲ್ಲಿ ಹೊಸ ಡಿಸ್ಕ್‌ನ ಹೆಸರು ಕಾಣದಿದ್ದರೆ, ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಡಿಸ್ಕ್‌ನ ಡೇಟಾ ಕೇಬಲ್ ಮತ್ತು ಪವರ್ ಕೇಬಲ್‌ಗಳನ್ನು ಸರಿಯಾಗಿ ಕೂರಿಸಿ.

2. ಡಿಸ್ಕ್‌ನಲ್ಲಿ ವಿಂಡೋಸ್ ಇದೆಯೇ? ಅಂಗಡಿಯಿಂದ ತಂದ ಹೊಸ ಡಿಸ್ಕ್ ಖಾಲಿ ಇರುತ್ತದೆ. ಅದಕ್ಕೆ ವಿಂಡೋಸ್ ಇನ್‌ಸ್ಟಾಲ್ ಮಾಡಬೇಕು, ಇಲ್ಲವೇ ಹಳೆಯ ಡಿಸ್ಕ್ ಅನ್ನು ಕ್ಲೋನ್ ಮಾಡಬೇಕು.

3. ಬೂಟ್ ಆರ್ಡರ್‌ನಲ್ಲಿ ಹೊಸ ಡಿಸ್ಕ್ ಮೊದಲಿದೆಯೇ ನೋಡಿ.

4. ಮೋಡ್ ಹೊಂದುತ್ತದೆಯೇ? ವಿಂಡೋಸ್‌ಗೆ ಎಂಬಿಆರ್ ಡಿಸ್ಕ್ ಆದರೆ ಲೆಗಸಿ, ಜಿಪಿಟಿ ಡಿಸ್ಕ್ ಆದರೆ ಯುಇಎಫ್‌ಐ ಇರಬೇಕು.

5. ಕ್ಲೋನ್ ಮಾಡಿದ್ದರೆ ಎಲ್ಲ ವಿಭಾಗಗಳೂ ನಕಲಾಗಿವೆಯೇ? ಸಿ ಡ್ರೈವ್ ಒಂದೇ ಸಾಲದು.

ನಮ್ಮ ಅಬ್ಬಾ ಅಂಗಡಿಯ ಕಂಪ್ಯೂಟರ್‌ನಲ್ಲಿ ತೊಂದರೆ ಇದ್ದದ್ದು ಈ ಐದನೆಯದರಲ್ಲಿ. ಗಿರಾಕಿಗಳ ಉದ್ರಿ ಲೆಕ್ಕವೆಲ್ಲ ಅದರ ಟ್ಯಾಲಿಯಲ್ಲೇ ಇದೆ. ಹೊಸ ಎಸ್‌ಎಸ್‌ಡಿ ಹಾಕಿಕೊಟ್ಟವರು, ಬೂಟ್ ಆಗದಿದ್ದಾಗ, ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ಕೊಳ್ಳಿ ಎಂದರು. ನಾವು ಹಳೆಯ ಡಿಸ್ಕ್ ಅನ್ನೇ ಮತ್ತೆ ಜೋಡಿಸಿ ನೋಡಿದೆವು. ವಿಂಡೋಸ್ ತೆರೆಯಿತು. ಅಂದರೆ ಮದರ್‌ಬೋರ್ಡ್ ಸರಿಯಾಗಿಯೇ ಇತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಡಿಸ್ಕ್‌ಗೆ ಇಎಫ್‌ಐ ವಿಭಾಗ ಇತ್ತು, ಹೊಸದಕ್ಕೆ ಇರಲಿಲ್ಲ. ಟ್ಯಾಲಿಯ ಬ್ಯಾಕಪ್ ಅನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಇಡೀ ಡಿಸ್ಕ್ ಅನ್ನು ಮತ್ತೆ ಕ್ಲೋನ್ ಮಾಡಿದೆವು. ಮೊದಲ ಸಲ ಹೊಸ ಡಿಸ್ಕ್ ಒಂದನ್ನೇ ಜೋಡಿಸಿ ಆನ್ ಮಾಡಿದೆವು. ಎರಡೂ ಒಟ್ಟಿಗೆ ಇದ್ದರೆ ಯಾವುದರಿಂದ ಬೂಟ್ ಆಯಿತೆಂದು ತಿಳಿಯುವುದಿಲ್ಲ. ವಿಂಡೋಸ್ ಬಂತು, ಗಿರಾಕಿಗಳ ಬಾಕಿಯೂ ಮೊದಲಿನಷ್ಟೇ ತೋರಿಸಿತು. ಹೊಸ ಕಂಪ್ಯೂಟರ್‌ನ ಖರ್ಚು ಉಳಿಯಿತು.

ಕೊನೆಯದಾಗಿ ಒಂದು ಎಚ್ಚರಿಕೆ. ಹೊಸ ಡಿಸ್ಕ್‌ನಿಂದ ಕೆಲವು ದಿನ ಕೆಲಸ ನಡೆದು, ಲೆಕ್ಕ ತಾಳೆಯಾಗುವವರೆಗೆ ಹಳೆಯ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ಕೆಟ್ಟ ಬಿಡಿಭಾಗವನ್ನು ಮತ್ತೆ ಕೊಳ್ಳಬಹುದು. ಅಳಿಸಿಹೋದ ಲೆಕ್ಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.