ಲೋಗೊಗಿಂತ ಮೊದಲು ಲೇಬಲ್

ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರಲು ಹೊರಟಿರುವ ನೀವು, ಕೈಯಲ್ಲಿರುವ ಅಲ್ಪ ಹಣವನ್ನು ಲೋಗೊಗೆ, ಬಣ್ಣದ ಡಬ್ಬಿಗೆ ಹಾಕಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಕೇಳರಿಯದ ಹೆಸರಿನ ಪೊಟ್ಟಣ ಕೈಗೆ ಬಂದಾಗ ಗ್ರಾಹಕರಿಗೆ ಹುಟ್ಟುವುದು ಅನುಮಾನ: ಯಾರು ಮಾಡಿದ್ದು, ಯಾವಾಗ, ಏನೇನು ಹಾಕಿದ್ದಾರೆ? ಅದಕ್ಕೆ ಉತ್ತರ ಹೇಳುವುದು ಲೇಬಲ್. ತಯಾರಕರ ಹೆಸರು, ವಿಳಾಸ, ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇವೆಲ್ಲ ಹೇಗೂ ಕಾನೂನು ಕೇಳುವಂಥವು. ಈ ಪ್ರಾಧಿಕಾರದಲ್ಲಿ ಸಣ್ಣ ತಯಾರಕರ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಮಾಡಿಸಿಕೊಡುತ್ತೇವೆಂದು ಹಣ ಕೇಳುವವರನ್ನು ದೂರವಿಡಿ.

ಕಣ್ಣಿಗೆ ಚೆಂದ ಕಾಣದ ಸರಕನ್ನು ಅಂಗಡಿಯವರು ಮುಂದಿಡುವುದೇ ಇಲ್ಲವಲ್ಲ ಎನ್ನಬಹುದು. ಮಾತು ಸರಿಯೇ. ಆದರೆ ಚೆಂದಕ್ಕೆ ದುಡ್ಡಿಗಿಂತ ಹಟ ಮುಖ್ಯ: ಒಂದೇ ಅಕ್ಷರಶೈಲಿ, ಒಂದೇ ಬಣ್ಣ, ಪ್ರತಿ ಪೊಟ್ಟಣದಲ್ಲೂ ಒಂದೇ ಜಾಗಕ್ಕೆ ನೆಟ್ಟಗೆ ಅಂಟಿಸಿದ ಸ್ಟಿಕರ್. ಅಚ್ಚು ಹಾಕಿಸಿದ ಕವರುಗಳನ್ನು ಒಮ್ಮೆಗೇ ಸಾವಿರಗಟ್ಟಲೆ ಕೊಳ್ಳಬೇಕಾಗುತ್ತದೆ. ಬೆಲೆಯೋ ವಿಳಾಸವೋ ಬದಲಾದರೆ ಅಷ್ಟೂ ರದ್ದಿ. ಸಾದಾ ಕವರಿಗೆ ಸ್ಟಿಕರ್ ಆದರೆ ಆ ಭಯವಿಲ್ಲ. ಲೋಗೊ ಇಲ್ಲದೆ ಹೆಸರು ನೆನಪಿರುವುದು ಹೇಗೆ? ರುಚಿ ಹಿಡಿಸಿದರೆ ಸ್ಪಷ್ಟ ಕನ್ನಡದಲ್ಲಿ ದಪ್ಪಗೆ ಬರೆದ ಹೆಸರೇ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಸೀಲಿಂಗ್ ಯಂತ್ರ, ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ತಕ್ಕಡಿ ಕೊಳ್ಳಿ. ಡಿಸೈನರ್ ಬಳಿಗೆ ಹೋಗುವುದು ಮೊದಲ ವರ್ಷದ ಲಾಭ ಕೈಗೆ ಬಂದ ಮೇಲೆ.